ನಲವತ್ತು ಬಾತು, ಒಂಬತ್ತು ಗಂಟು

ಸೂಜಿಗೆ ದಾರ ಪೋಣಿಸಲು ಗೋಂದು ಮಾಮ ಬೆಳಗ್ಗೆ ಏಳಕ್ಕೆ ಕುಳಿತವನು ಒಂಬತ್ತಾದರೂ ಏಳಲಿಲ್ಲ. ಆಮೇಲೆ ತಿಳಿಯಿತು, ಇಷ್ಟು ಹೊತ್ತೂ ತಾನು ಸೂಜಿಯನ್ನು ತಲೆಕೆಳಗಾಗಿ ಹಿಡಿದಿದ್ದೆನೆಂದು. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿ, ಬೆರಳಿಗೆಲ್ಲ ಅಂಟು ಮೆತ್ತಿಕೊಂಡು ಆ ಹೆಸರು ಸಂಪಾದಿಸಿದ ಮನುಷ್ಯ ಅವನು. ಸೂಜಿ ಅವನಿಗೆ ಇಂಥ ಅವಮಾನ ಹಿಂದೆಂದೂ ಮಾಡಿರಲಿಲ್ಲ. ಅದನ್ನು ಡಬ್ಬಿಯಲ್ಲಿ ಹಾಕಿ, ಚಪ್ಪಲಿ ಮೆಟ್ಟಿ, ಕನ್ನಡಕದ ಅಂಗಡಿಗೆ ಹೊರಟ.

ಕನ್ನಡಕದವನು ಅವನ ಗಲ್ಲವನ್ನು ಯಂತ್ರದ ಮೇಲಿರಿಸಿ, ಕಣ್ಣಿಗೆ ಬೆಳಕು ಬಿಟ್ಟು, ಬಾವಿಗೆ ಬಿದ್ದ ಕೊಡವನ್ನು ಹುಡುಕುವವನ ಹಾಗೆ ಬಹಳ ಹೊತ್ತು ಇಣುಕಿದ.

"ಎರಡರಲ್ಲೂ ಪೊರೆ ಬಂದಿದೆ, ಮಾಮ. ಚೆನ್ನಾಗಿ ಬಲಿತಿದೆ. ಎರಡು ವರ್ಷದ್ದಾದ್ರೂ ಇರ್ಬೇಕು. ಮಸಕು ಮಸಕಾಗಿ ಕಾಣ್ತಿರಲಿಲ್ವಾ?"

"ಕಾಣ್ತಿತ್ತು. ಹೆಂಡತಿ ಹೋದ ಮೇಲೆ ಲೋಕ ಹಾಗೇ ಇರುತ್ತೆ ಅಂದ್ಕೊಂಡಿದ್ದೆ."

ಕನ್ನಡಕದವನು ಆಸ್ಪತ್ರೆಗೆ ಒಂದು ಚೀಟಿ ಬರೆದುಕೊಟ್ಟ.

ಬೀದಿಗಿಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಗೋಂದು ಮಾಮ ನಡುಬೀದಿಯಲ್ಲೇ ನಿಂತ. ಕೆರೆಯ ನೆನಪಾಗಿತ್ತು.

ಬಡಾವಣೆಯ ಕೆರೆಯ ಆರೋಗ್ಯ ನೋಡಿಕೊಳ್ಳಲು ಹದಿನಾರು ಜನರ ಒಂದು ಸಂಘವಿತ್ತು. ನೀರು ಎಷ್ಟು ತಿಳಿಯಾಗಿದೆಯೆಂದು ವಾರಕ್ಕೊಮ್ಮೆ ಅಳೆಯುವುದು ಅದರ ಮುಖ್ಯ ಕೆಲಸ. ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಬಿಳಿಯ ತಟ್ಟೆ ಕಟ್ಟಿ ದೋಣಿಯಿಂದ ಇಳಿಬಿಡಬೇಕು. ತಟ್ಟೆ ಕಣ್ಣಿಗೆ ಮರೆಯಾದ ಕ್ಷಣ ಎಷ್ಟು ಗಂಟು ಇಳಿದಿದೆಯೋ ಅಷ್ಟನ್ನು ಪುಸ್ತಕದಲ್ಲಿ ಬರೆಯಬೇಕು. ಮೊದಲು ಅದನ್ನು ಗೋಂದು ಮಾಮನ ಹೆಂಡತಿ ಮಾಡುತ್ತಿದ್ದಳು. ಗಂಟುಗಳೂ ಅವಳು ಹಾಕಿದವೇ. ಮೂರು ವರ್ಷದ ಹಿಂದೆ ಅವಳು ತೀರಿಕೊಂಡಾಗ ಸಂಘ ಆ ಹಗ್ಗವನ್ನು ಇವನ ಕೈಗೆ ಕೊಟ್ಟಿತು. ಆ ಒಂದು ದಿನದ ಆಸೆಯಲ್ಲಿ ಅವನು ವಾರದ ಉಳಿದ ಆರು ದಿನ ಕಳೆಯುತ್ತಿದ್ದ.

ಅವಳ ಕಾಲದಲ್ಲಿ ಒಂಬತ್ತಿದ್ದ ಗಂಟು ಇವನ ಕಾಲದಲ್ಲಿ ಏಳಾಯಿತು, ಐದಾಯಿತು, ಕೊನೆಗೆ ನಾಲ್ಕಕ್ಕೆ ನಿಂತಿತು. ಸಂಘ ಕೆರೆಯಲ್ಲಿ ಬಟ್ಟೆ ಒಗೆಯುವುದನ್ನು ನಿಲ್ಲಿಸಿತು, ಈಜುವುದನ್ನು ನಿಲ್ಲಿಸಿತು, ದಡದಲ್ಲಿ ಜೋರಾಗಿ ಕೆಮ್ಮಿದವರನ್ನೂ ದುರುಗುಟ್ಟಿ ನೋಡಿತು. ಗಂಟು ಏರಲಿಲ್ಲ. ಆಗ ಎಲ್ಲರ ದೃಷ್ಟಿ ಬಾತಿನಕ್ಕನ ಕಡೆ ತಿರುಗಿತು. ಅವಳು ಗೋಂದು ಮಾಮನ ಪಕ್ಕದ ಮನೆಯವಳು, ನಲವತ್ತು ಬಾತುಗಳ ಮೊಟ್ಟೆ ಮಾರಿ ಬದುಕುವ ಒಂಟಿ ಹೆಂಗಸು. ನೀರು ಕೆಡಿಸುತ್ತಿರುವುದು ಬಾತುಗಳೇ ಹೌದೋ ಅಲ್ಲವೋ ನೋಡೋಣವೆಂದು ಅವನ್ನು ಎಂಟು ದಿನ ಅವಳ ಹಿತ್ತಲಲ್ಲಿ ಕೂಡಿಹಾಕಿಸಿದ್ದರು. ಇವತ್ತು ಎಂಟನೆಯ ದಿನ. ಮಧ್ಯಾಹ್ನ ಅಳತೆ, ಅಲ್ಲೇ ತೀರ್ಪು. ತಪ್ಪು ಬಾತುಗಳದ್ದಾದರೆ ನಾಳೆ ಬೆಳಗ್ಗೆ ಗಾಡಿ ಬಂದು ಎಲ್ಲವನ್ನೂ ಒಯ್ಯುವುದು.

'ಅಯ್ಯೋ, ಕೆರೆ ಕೆಟ್ಟೇ ಇಲ್ಲ. ಕೆಟ್ಟದ್ದು ನನ್ನ ಕಣ್ಣು' ಎಂದುಕೊಂಡ ಗೋಂದು ಮಾಮ. ಈ ಮಾತು ಹೇಳಿದರೆ ಹಗ್ಗ ಕೈತಪ್ಪುತ್ತದೆ. ಹೇಳದಿದ್ದರೆ ಪಕ್ಕದ ಮನೆಯ ಒಲೆ ಆರುತ್ತದೆ. ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಳಿತು ದೇವರನ್ನು ಕೇಳಿದ. ದೇವರು ಏನೂ ಹೇಳಲಿಲ್ಲ, ಆದರೆ ಕೂತಿರಲೂ ಬಿಡಲಿಲ್ಲ.

ಮೊದಲು ಔಷಧಿ ಅಂಗಡಿಗೆ ಹೋದ. ಅಂಗಡಿಯವನೇ ಸಂಘದ ಕಾರ್ಯದರ್ಶಿ. ಪೂರ್ತಿ ಕೇಳಿ ಅವನು ಮುಖ ಸಣ್ಣದು ಮಾಡಿಕೊಂಡ.

"ಮಾಮ, ನಿಮ್ಮ ನಾಲ್ಕು ಗಂಟು ನಂಬ್ಕೊಂಡು ನಾನು ಮೇಲಿನವರಿಗೆ ಮೂರು ಪತ್ರ ಬರೆದಿದ್ದೀನಿ. ಮೂರನೇದರಲ್ಲಿ ಕೆರೆ ಸಾಯ್ತಿದೆ ಅಂತ ಬರೆದೆ. ಈಗ ಸತ್ತಿಲ್ಲ ಅಂತ ಹೇಗ್ರೀ ಬರೀಲಿ?"

"ಬದುಕಿದೆ ಅಂದ್ರೆ ಅವರಿಗೂ ಸಂತೋಷವೇ ಅಲ್ವಾ?"

"ನಿಮಗೆ ಕಚೇರಿ ಗೊತ್ತಿಲ್ಲ. ತಲೆ ಎತ್ತಿ ಸ್ವಲ್ಪ." ಕಾರ್ಯದರ್ಶಿ ಒಂದು ಸೀಸೆ ತೆಗೆದು ಎರಡು ಕಣ್ಣಿಗೂ ಹನಿ ಬಿಟ್ಟ. "ಮಧ್ಯಾಹ್ನದೊಳಗೆ ಸರಿಹೋದ್ರೆ ಯಾರಿಗೂ ಹೇಳೋದೇ ಬೇಡ."

ಕಣ್ಣು ಸರಿಹೋಗಲಿಲ್ಲ, ಉರಿಯಿತು. ಇದ್ದಬದ್ದ ಬೆಳಕೂ ನೀರಾಗಿ ಇಳಿಯತೊಡಗಿತು. ಗೋಡೆ ಸವರುತ್ತ ಸವರುತ್ತ ಗೋಂದು ಮಾಮ ಅಧ್ಯಕ್ಷರ ಬೀದಿಗೆ ಬಂದ. ನಿವೃತ್ತ ಹೆಡ್‌ಮಾಸ್ತರರೊಬ್ಬರು ಅಧ್ಯಕ್ಷರು; ಯಾವಾಗಲೂ ಕೆಂಪು ಶಾಲು ಹೊದೆಯುವವರು. ಗೇಟಿನ ಪಕ್ಕ ಕೆಂಪಗೆ ನಿಂತಿದ್ದ ಆಕಾರಕ್ಕೆ ಕೈ ಮುಗಿದು, ಕಣ್ಣೊರೆಸಿಕೊಳ್ಳುತ್ತ, ಮೊದಲಿನಿಂದ ಕೊನೆಯವರೆಗೆ ತನ್ನ ತಪ್ಪೊಪ್ಪಿಕೊಂಡ. ಅಂಚೆಯ ಡಬ್ಬಿ ಬಹಳ ತಾಳ್ಮೆಯಿಂದ ಕೇಳಿತು. ಅಧ್ಯಕ್ಷರು ಹಿಂದೆ ನಿಂತು ಕೇಳಿದರು, ಅಷ್ಟು ತಾಳ್ಮೆಯಿಂದಲ್ಲ.

"ಈ ಕಡೆ ತಿರುಗಪ್ಪ. ಏನು ನಿನ್ನ ಬೇಡಿಕೆ?"

"ಇವತ್ತು ತಟ್ಟೆಯನ್ನ ಬೇರೆ ಯಾರಾದ್ರೂ ನೋಡ್ಲಿ, ಮಾಸ್ತರೇ. ಕಣ್ಣು ಚೆನ್ನಾಗಿರೋರು. ಅಷ್ಟೇ."

"ನ್ಯಾಯವಾದ ಮಾತು. ನಮ್ಮ ಸಂಘದ ದರ್ಜಿ ನೋಡ್ತಾನೆ. ಆಚೆ ಬೀದಿಯವನ ಅಂಗಿಯಲ್ಲಿ ಗುಂಡಿ ಕಿತ್ತುಹೋಗಿದ್ರೂ ಅವನಿಗೆ ಇಲ್ಲಿಂದ ಕಾಣುತ್ತೆ."

ಗೋಂದು ಮಾಮನಿಗೆ ಕಣ್ಣುರಿಯ ನಡುವೆಯೂ ಹಗುರವೆನಿಸಿತು.

ಮಧ್ಯಾಹ್ನ ಮೋಡ ಕವಿದಿತ್ತು. ಸಂಘದವರು ಸಾವಿನ ಮನೆಗೆ ಬಂದವರಂತೆ ದಡದಲ್ಲಿ ನಿಂತಿದ್ದರು. ಬಾತಿನಕ್ಕ ಸ್ವಲ್ಪ ದೂರದಲ್ಲಿ ಕಲ್ಲಿನ ಮೇಲೆ ಕುಳಿತಿದ್ದಳು. ಗೋಂದು ಮಾಮ ಅವಳ ಹತ್ತಿರ ಹೋಗಿ ಮೆಲ್ಲಗೆ ಹೇಳಿದ:

"ಏನೂ ಯೋಚಿಸ್ಬೇಡ. ಎಲ್ಲ ಏರ್ಪಾಟು ಮಾಡಿದ್ದೀನಿ."

"ನೀನು ಏರ್ಪಾಟು ಮಾಡಿದ್ದೀನಿ ಅಂದ್ರೇನೇ ನಂಗೆ ಯೋಚನೆ," ಎಂದಳು ಅವಳು.

ಅವನು ಹಗ್ಗವನ್ನು ದರ್ಜಿಯ ಕೈಗೆ ಕೊಟ್ಟ. ಕೊಡುವಾಗ ಅವನ ಬೆರಳು ಒಂದು ಗಂಟಿನ ಮೇಲೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ದೋಣಿ ಹೊರಟಿತು. ನೀರಿನ ಮೇಲಿಂದ ದರ್ಜಿಯ ಧ್ವನಿ ಅಳತೆ ಕೂಗುವವನ ಧಾಟಿಯಲ್ಲಿ ಬಂತು.

"ನಾಲ್ಕು. ಕಾಣ್ತಿದೆ."

ದಡದಲ್ಲಿ ಗುಸುಗುಸು ಎದ್ದಿತು.

"ಆರು. ಚೆನ್ನಾಗಿ ಕಾಣ್ತಿದೆ. ಎಂಟು. ಒಂಬತ್ತು. ಹಾಂ, ಈಗ ಹೋಯ್ತು."

"ನೋಡಿದ್ರಾ," ಎಂದ ಗೋಂದು ಮಾಮ. "ಅವಳ ಕಾಲದಲ್ಲಿ ಎಷ್ಟಿತ್ತೋ ಅಷ್ಟೇ ಇದೆ. ಕೆರೆ ಯಾವತ್ತೂ ಕೆಟ್ಟಿರಲೇ ಇಲ್ಲ."

ಅಧ್ಯಕ್ಷರು ಶಾಲು ಸರಿಪಡಿಸಿಕೊಂಡು ಮುಂದೆ ಬಂದರು.

"ಮಿತ್ರರೇ, ಎಂಟು ದಿನದ ಹಿಂದೆ ಬಾತು ಇದ್ದವು, ಗಂಟು ನಾಲ್ಕಿತ್ತು. ಇವತ್ತು ಬಾತು ಇಲ್ಲ, ಗಂಟು ಒಂಬತ್ತು. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?"

ಯಾರಿಗೂ ಬೇಕಾಗಿರಲಿಲ್ಲ. ಕಾರ್ಯದರ್ಶಿಯಂತೂ ಆಗಲೇ ನಾಲ್ಕನೆಯ ಪತ್ರದ ಮೊದಲ ಸಾಲನ್ನು ತುಟಿಯಲ್ಲೇ ಗುನುಗುತ್ತಿದ್ದ.

"ಅದಲ್ಲ ಮಾಸ್ತರೇ," ಗೋಂದು ಮಾಮ ಚೀಟಿ ಹಿಡಿದುಕೊಂಡು ನಡುವೆ ನುಗ್ಗಿದ. "ನಾಲ್ಕು ಅಂದಿದ್ದು ಪೊರೆ ಬಂದ ಕಣ್ಣು. ನೋಡಿ, ಬರೆದುಕೊಟ್ಟಿದ್ದಾನೆ."

ಅಧ್ಯಕ್ಷರು ಚೀಟಿಯನ್ನು ಎರಡು ಸಲ ಓದಿದರು. "ಇದರಲ್ಲಿ ಇವತ್ತಿನ ತಾರೀಕಿದೆ."

"ಎರಡು ವರ್ಷದಿಂದ ಇರ್ಬೇಕು ಅಂದ."

"ಅಂದ. ಬರೆದಿಲ್ಲ. ಪುಸ್ತಕದಲ್ಲಿ ನೀನು ವಾರವಾರ ರುಜು ಹಾಕಿದ್ದೀಯ. ನಾವು ಹದಿನಾರು ಜನ ಒಪ್ಪಿದ್ದೀವಿ. ನಿನ್ನ ಕಣ್ಣು ಇವತ್ತಿಂದ ಕೆಟ್ಟಿದೆ ಅಂತ ಸಂಘ ಒಪ್ಪುತ್ತೆ. ನಿನ್ನೆ ತನಕ ಚೆನ್ನಾಗಿತ್ತು."

"ಹಾಗಾದ್ರೆ ನಾನೇ ಒಂದು ಸಲ ನೋಡ್ತೀನಿ. ಈಗಲೂ ನಾಲ್ಕೇ ಕಾಣುತ್ತೆ. ಆಗ ನಿಮಗೇ ತಿಳಿಯುತ್ತೆ."

"ಪಕ್ಕದ ಮನೆಯವಳಿಗೋಸ್ಕರ ಈಗ ನೀನು ಒಂದು ಅಂತಲೂ ಅಂತೀಯ," ಎಂದು ಯಾರೋ ಹಿಂದಿನಿಂದ ಹೇಳಿದರು. ಕೆಲವರು ನಕ್ಕರು. ಬಾತಿನಕ್ಕ ತಲೆ ಎತ್ತಲಿಲ್ಲ.

ಗಾಡಿಗೆ ಹೇಳಿಕಳಿಸಿದರು. ಇನ್ನು ಮುಂದೆ ಅಳತೆ ದರ್ಜಿಯದೇ ಎಂದು ಪುಸ್ತಕದಲ್ಲಿ ಬರೆದರು. ಗೋಂದು ಮಾಮನ ಇಷ್ಟು ದಿನದ ಸೇವೆಗೆ ವಂದನೆಯನ್ನೂ ಅದೇ ಸಾಲಿನಲ್ಲಿ ಮುಗಿಸಿದರು. ದರ್ಜಿ ಹಗ್ಗವನ್ನು ಸುರುಳಿ ಸುತ್ತಿ ಬಗಲಿಗಿಟ್ಟುಕೊಂಡು ಹೋದ.

ದಡದಲ್ಲಿ ಇಬ್ಬರೇ ಉಳಿದರು. ಗೋಂದು ಮಾಮನಿಗೆ ದಾರಿ ಸರಿಯಾಗಿ ಕಾಣಿಸದು. ಬಾತಿನಕ್ಕ ಅವನ ಮೊಣಕೈ ಹಿಡಿದು ಮನೆಯ ಕಡೆ ನಡೆಸಿದಳು.

"ಇವತ್ತು ನೀನೇ ತಟ್ಟೆ ನೋಡಿದ್ರೆ ಎಷ್ಟು ಅಂತಿದ್ದೆ?" ಎಂದು ಅವಳು ಕೇಳಿದಳು.

"ನಾಲ್ಕು."

"ಬಾತು ಇದ್ದಾಗಲೂ ನಾಲ್ಕು, ಇಲ್ಲದಾಗಲೂ ನಾಲ್ಕು."

ಗೋಂದು ಮಾಮ ನಿಂತುಬಿಟ್ಟ.

"ಆ ಕನ್ನಡಕದ ಅಂಗಡಿ," ಎಂದಳು ಬಾತಿನಕ್ಕ, ಅವನ ಕೈಯನ್ನು ಬಿಡದೆ, "ನಾಳೆಯೂ ಬಾಗಿಲು ತೆಗೀತಿತ್ತಲ್ಲಪ್ಪ."