ಸಿರಿಲ್ ಎದ್ದು ಹೋದರೆ ಗೋಲು

ಡೆಸ್ಮಂಡ್: ನಿಮ್ಮ ದಮ್ಮಯ್ಯ, ಏಳಿ ಸಿರಿಲ್.

ಸಿರಿಲ್: ಏಳಲ್ಲ.

ಡೆಸ್ಮಂಡ್: ಐದೇ ಐದು ನಿಮಿಷ. ಹೋಗಿ ಕೂತ್ಕೊಂಡು ಬನ್ನಿ.

ಸಿರಿಲ್: ನನಗೆ ಈಗ ಬರ್ತಾ ಇಲ್ಲ ಕಣಯ್ಯ.

ಡೆಸ್ಮಂಡ್: ಬರಲೇಬೇಕು ಅಂತ ಯಾರು ಕೇಳಿದ್ರು? ಹೋದ ವರ್ಷ ಪ್ರತಿ ಸಲ ಬಂದೇ ಹೋಗ್ತಿದ್ರಾ?

ಎನಿಡ್: ಡೆಸ್ಮಂಡ್, ನಾನಿಲ್ಲಿ ಬಿಸ್ಕತ್ತು ತಿನ್ತಾ ಇದೀನಿ.

ಡೆಸ್ಮಂಡ್: ಕ್ಷಮಿಸಿ, ಮಿಸ್.

ಡೆಸ್ಮಂಡ್ ಐವತ್ತು ದಾಟಿದವನು. ಪೇಟೆ ಬೀದಿಯಲ್ಲಿ ಅವನದೊಂದು ಮಾಂಸದಂಗಡಿ. ಥಾರ್ನ್‌ಬೆಕ್ ಟೌನ್ ಫುಟ್‌ಬಾಲ್ ಕ್ಲಬ್ಬಿಗೆ ಅವನೇ ಚೇರ್ಮನ್. ಊರಿನಲ್ಲಿ ಪಂದ್ಯವಿದ್ದ ಶನಿವಾರ ಮಾತ್ರ ಅಂಗಡಿಯ ಬಾಗಿಲು ಹಾಕಿ ಬರುತ್ತಿದ್ದ. ಶಾಲೆಯಲ್ಲಿ ಅವನಿಗೆ ಭಾಗಾಕಾರ ಕಲಿಸಲು ಹೆಣಗಿದವಳು ಇದೇ ಎನಿಡ್ ಹಾರ್ಗ್ರೀವ್ಸ್. ಅವಳೆದುರು ಮಾತಾಡುವಾಗ ಅವನ ಬಲಗೈ ಈಗಲೂ ತಾನಾಗಿಯೇ ಮೇಲೇಳುತ್ತಿತ್ತು. ಎನಿಡ್ ಅದನ್ನು ಬಹಳ ಹಿಂದೆಯೇ ಗಮನಿಸಿದ್ದಳು. ಬೇಡ ಅನ್ನಬೇಕೆಂದು ಅವಳಿಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯ. ಬ್ರಾಕ್‌ಹ್ಯಾಮ್ ರೋವರ್ಸ್ ತಂಡವನ್ನು ಸೋಲಿಸಿದರೆ ಥಾರ್ನ್‌ಬೆಕ್ ಮೇಲಿನ ಡಿವಿಷನ್ನಿನಲ್ಲಿ ಉಳಿದುಕೊಳ್ಳುತ್ತದೆ. ಡ್ರಾ ಆದರೂ ಸರಿ, ಸೋತರೂ ಸರಿ, ಹೋದ ವರ್ಷವಷ್ಟೇ ಹತ್ತಿ ಬಂದ ಆ ಡಿವಿಷನ್ನಿನಿಂದ ಕೆಳಗಿಳಿಯಬೇಕು. ಉಳಿದದ್ದು ಕಾಲು ಗಂಟೆ. ಎರಡೂ ಕಡೆ ಗೋಲಿಲ್ಲ. ಮಳೆ ಜಿನುಗುತ್ತಿತ್ತು. ಮರದ ಸ್ಟ್ಯಾಂಡಿನಲ್ಲಿ ಕೂತವರಲ್ಲಿ ಅರ್ಧ ಜನ ಮೈದಾನವನ್ನೇ ನೋಡುತ್ತಿರಲಿಲ್ಲ. ಎನಿಡ್‌ಳ ಗಂಡ ಸಿರಿಲ್‌ನ ಬೆನ್ನನ್ನು ನೋಡುತ್ತಿದ್ದರು.

ಅದಕ್ಕೊಂದು ಕಾರಣವಿತ್ತು. ಹೋದ ವರ್ಷದ ಮೊದಲ ಪಂದ್ಯದಲ್ಲಿ ಸಿರಿಲ್ ಕಕ್ಕಸಿಗೆಂದು ಎದ್ದು ಹೋದ, ಥಾರ್ನ್‌ಬೆಕ್ ಗೋಲು ಹೊಡೆಯಿತು. ಎರಡನೆಯ ಪಂದ್ಯದಲ್ಲೂ ಹಾಗೆಯೇ. ಮೂರನೆಯದರಲ್ಲಿ ಅವನು ಏಳುವುದನ್ನು ಕಂಡೇ ಜನ ಚಪ್ಪಾಳೆ ತಟ್ಟಿದರು. ಕ್ರಿಸ್‌ಮಸ್ ಹೊತ್ತಿಗೆ ಅದು ಕ್ಲಬ್ಬಿನ ಪದ್ಧತಿಯೇ ಆಯಿತು: ಗೋಲು ಬೇಕಾದಾಗ ಡೆಸ್ಮಂಡ್ ಬಂದು ಸಿರಿಲ್‌ನನ್ನು ಎಬ್ಬಿಸುವುದು, ಇಡೀ ಸ್ಟ್ಯಾಂಡು ಚರ್ಚಿನ ಹಾಡಿನ ಧಾಟಿಯಲ್ಲಿ "ಏಳಪ್ಪಾ ಸಿರಿಲ್" ಎಂದು ಹಾಡುವುದು. ಥಾರ್ನ್‌ಬೆಕ್ ಕಪ್ ಗೆದ್ದು ಮೇಲೆ ಬಂತು. ನಾಯಕ ಕಪ್ ಎತ್ತಿ ಹಿಡಿದಾಗ ಸಿರಿಲ್ ಒಳಗೇ ಇದ್ದ. ಅವನನ್ನು ಹೊರಗೆ ಕರೆಯುವುದು ಯಾರಿಗೂ ನೆನಪಾಗಲಿಲ್ಲ.

ಎನಿಡ್: ಡೆಸ್ಮಂಡ್, ಒಂದು ಪ್ರಶ್ನೆ ಕೇಳ್ತೀನಿ. ಯೋಚನೆ ಮಾಡಿ ಉತ್ತರ ಹೇಳು.

ಡೆಸ್ಮಂಡ್: ಹೇಳ್ತೀನಿ, ಮಿಸ್.

ಎನಿಡ್: ಸಿರಿಲ್ ನೋಡದೇ ಇರೋದ್ರಿಂದ ಗೋಲು ಬೀಳುತ್ತೆ ಅಂತಾದ್ರೆ, ಚೀನಾದ ಜನ ಯಾರೂ ಈ ಪಂದ್ಯ ನೋಡ್ತಾ ಇಲ್ಲ. ಅವರಿಂದ ಎಷ್ಟು ಗೋಲು ಬೀಳಬೇಕಿತ್ತು?

ಡೆಸ್ಮಂಡ್: ಅವರು ನಮ್ಮ ಕ್ಲಬ್ಬಿನ ಸದಸ್ಯರಲ್ವಲ್ಲ, ಮಿಸ್.

ಎನಿಡ್: ಇದೇ ಬುದ್ಧಿ ನೋಡಿಯೇ ನಿನಗೆ ನೂರಕ್ಕೆ ಹನ್ನೊಂದು ಕೊಟ್ಟಿದ್ದು.

ಡೆಸ್ಮಂಡ್: ಹದಿನಾಲ್ಕು, ಮಿಸ್.

ಎನಿಡ್: ಮೂರು ಅಂಕ ಅಂದವಾದ ಅಕ್ಷರಕ್ಕೆ. ಅಲ್ಲಯ್ಯ, ಈ ವರ್ಷವೂ ಇವನನ್ನ ಅಟ್ಟಿದ್ದೇ ಅಟ್ಟಿದ್ದು. ಊರಲ್ಲಿ ಒಂದಾದ್ರೂ ಗೋಲು ಬಿತ್ತಾ?

ಬಿದ್ದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಬೇರೆ ಊರುಗಳಿಗೆ ಹೋದಾಗ ತಂಡ ಹೇಗೋ ಒಂದಷ್ಟು ಗೆದ್ದುಕೊಂಡು ಬರುತ್ತಿತ್ತು. ತನ್ನದೇ ಮೈದಾನದಲ್ಲಿ ಕಲ್ಲಾಗುತ್ತಿತ್ತು.

ಡೆಸ್ಮಂಡ್: ಅದು ಕಕ್ಕಸಿನ ದೋಷ, ಮಿಸ್. ಲೀಗಿನವರು ಬಂದು, ಮೇಲಿನ ಡಿವಿಷನ್ನಿಗೆ ಇಂಥ ಕಕ್ಕಸು ಆಗಲ್ಲ ಅಂತ ನಮ್ಮ ಹಳೇದನ್ನ ಒಡೆಸಿಬಿಟ್ರಲ್ಲ.

ಎನಿಡ್: ಅದಕ್ಕೆ ಸೂರೇ ಇರಲಿಲ್ಲ.

ಡೆಸ್ಮಂಡ್: ಸೂರು ಇರಲಿಲ್ಲ, ಗೋಲು ಇತ್ತು! ಈಗ ಬಿಳೀ ಟೈಲ್ಸಿದೆ, ಕೈಗೆ ಬಿಸಿಗಾಳಿ ಬಿಡೋ ಯಂತ್ರ ಇದೆ, ಜೊತೆಗೆ ಮೈದಾನದ ಕಡೆಗೊಂದು ಕಿಟಕಿ. ಸಿರಿಲ್ ಆ ಕಿಟಕೀಲಿ ಇಣುಕ್ತಾರೆ.

ಸಿರಿಲ್: ಇಲ್ಲ!

ಡೆಸ್ಮಂಡ್: ನವೆಂಬರಲ್ಲಿ ಗಾಜಿನ ಮೇಲೆ ಮೂಗಿನ ಗುರುತಿತ್ತು.

ಸಿರಿಲ್: ಮೂಗು ಯಾರಿಗಿಲ್ಲ?

ಡೆಸ್ಮಂಡ್: ಅಷ್ಟೆತ್ತರದಲ್ಲಿ ಯಾರಿಗೂ ಇಲ್ಲ. ಕೆಳಗೆ ಬಕೆಟ್ಟು ಬೋರಲು ಬಿದ್ದಿತ್ತು.

ಸಿರಿಲ್: ಒಂದೇ ಒಂದು ಸಲ ಕಣಯ್ಯ. ಕಾರ್ನರ್ ಕಿಕ್ ಇತ್ತು, ತಡೆಯೋಕಾಗ್ಲಿಲ್ಲ.

ಡೆಸ್ಮಂಡ್: ಕೇಳಿಸ್ಕೊಂಡ್ರಾ, ಮಿಸ್? ಅವತ್ತು ನಾಲ್ಕು ಗೋಲು ತಿಂದ್ವಿ!

ಸಿರಿಲ್: ತಪ್ಪೆಲ್ಲಾ ನನ್ನ ತಲೆಗೇ ಕಟ್ಟು. ಹೋದ ವರ್ಷ ನೀನು ತೋಳು ಹಿಡ್ಕೊಂಡು ಕರ್ಕೊಂಡು ಹೋಗ್ತಿದ್ದೆ. ನಾನು ಹೊರಗೆ ಬರೋವರೆಗೂ ಬಾಗಿಲಿಗೆ ಕಾವಲು ನಿಲ್ತಿದ್ದೆ. ಈ ವರ್ಷ ಅಲ್ಲಿಂದಲೇ ಬೆರಳು ತೋರಿಸ್ತೀಯ, ನಾಯಿಗೆ ತೋರಿಸಿದ ಹಾಗೆ.

ಡೆಸ್ಮಂಡ್: ಏನ್ಮಾಡ್ಲಿ? ಮೇಲಿನ ಡಿವಿಷನ್ನಿನ ಮರ್ಯಾದೆಯೇ ಬೇರೆ. ಬಂದ ಕ್ಲಬ್ಬಿನ ಚೇರ್ಮನ್ ಪಕ್ಕ ನಾನು ಪೂರ್ತಿ ಪಂದ್ಯ ಕೂತಿರಬೇಕು. ಮಾಂಸ ತುಂಬಿದ ಪೈ ತಿನ್ನಿಸಬೇಕು, ಮಳೆ ವಿಷಯ ಮಾತಾಡಬೇಕು. ಇವತ್ತೂ ಅವರನ್ನ ಅರ್ಧ ಪೈ ಜೊತೆ ಬಿಟ್ಟು ಓಡಿ ಬಂದಿದೀನಿ. ಏಳಿ ಸಿರಿಲ್.

ಸಿರಿಲ್: ನೋಡು ಡೆಸ್ಮಂಡ್. ಹುಡುಗನಾಗಿದ್ದಾಗಿಂದ ಇಲ್ಲಿ ಬರ್ತಾ ಇದೀನಿ. ಸೋತಿದ್ದನ್ನೆಲ್ಲಾ ಕಣ್ಣಾರೆ ನೋಡಿದೀನಿ, ಒಂದನ್ನೂ ಬಿಟ್ಟಿಲ್ಲ. ಗೆದ್ದ ಒಂದು ವರ್ಷ ಮಾತ್ರ ಇಟ್ಟಿಗೆ ಗೋಡೆ ನೋಡ್ಕೊಂಡು ಕೂತಿದ್ದೆ. ಇವತ್ತು ಒಂದು ಗೋಲು ನೋಡ್ಬೇಕು. ನೋಡೇ ನೋಡ್ತೀನಿ. ಕ್ಲಬ್ಬು ಮುಳುಗಿದ್ರೂ ಪರವಾಗಿಲ್ಲ.

ಕೊನೆಯ ಮಾತು ಹಿಂದಿನ ಸಾಲಿಗೆ ಕೇಳಿಸಿತು. ಹಿಂದಿನ ಸಾಲಿನಿಂದ ಮೇಲಿನ ಸಾಲಿಗೆ ಹೋಯಿತು. ಅರೆಗಳಿಗೆಯಲ್ಲಿ ಇಡೀ ಸ್ಟ್ಯಾಂಡು "ಏಳಪ್ಪಾ ಸಿರಿಲ್" ಎಂದು ಹಾಡತೊಡಗಿತು. ಯಾರೋ ಅರ್ಧ ತಿಂದ ಪೈ ಎಸೆದರು. ಅದು ಸಿರಿಲ್‌ನ ಟೋಪಿಗೆ ತಾಗಿ ಎನಿಡ್‌ಳ ಮಡಿಲಿಗೆ ಬಿತ್ತು. ಎನಿಡ್ ಅದನ್ನು ಎರಡು ಬೆರಳಿನಲ್ಲಿ ಎತ್ತಿ ಡೆಸ್ಮಂಡ್‌ನ ಕೈಗಿಟ್ಟು, ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಎದ್ದು ನಿಂತಳು. ಹಾಡು ನಿಂತುಹೋಯಿತು. ಆ ಸಾಲುಗಳಲ್ಲಿ ಅವಳ ಹತ್ತಿರ ಗಣಿತ ಕಲಿಯದವರು ಕಡಿಮೆ.

ಎನಿಡ್: ಯಾರಾದ್ರೂ ಒಬ್ರು ಒಳಗೆ ಕೂತಿರಬೇಕು, ಅಷ್ಟೇ ತಾನೇ? ನಾನು ಹೋಗ್ತೀನಿ.

ಡೆಸ್ಮಂಡ್: ಮಿಸ್, ನೀವು ಹೋಗಿ ಏನು ಉಪಯೋಗ?

ಎನಿಡ್: ಏನೂ ಇಲ್ಲ. ಅದನ್ನ ತೋರಿಸೋಕೇ ಹೋಗ್ತಾ ಇದೀನಿ. ಪಂದ್ಯ ಹೀಗೇ ಮುಗಿದ ಮೇಲೆ ನೀನು ಎಲ್ಲರೆದುರಿಗೆ ಸಿರಿಲ್ ಹತ್ರ ಕ್ಷಮೆ ಕೇಳಬೇಕು.

ಡೆಸ್ಮಂಡ್: ಹೆಂಗಸರ ಕಡೆ ಕೂತ್ರೆ ಲೆಕ್ಕಕ್ಕೆ ಬರುತ್ತಾ ಅಂತ...

ಎನಿಡ್: ಡೆಸ್ಮಂಡ್.

ಡೆಸ್ಮಂಡ್: ಬರುತ್ತೆ, ಮಿಸ್.

ಹೊಸ ಕಕ್ಕಸಿನ ಕಟ್ಟಡ ಸ್ಟ್ಯಾಂಡಿನ ಹಿಂದಿತ್ತು; ಎತ್ತರದ ಕಿಟಕಿಯಿಂದ ಮಾತ್ರ ಮೈದಾನದ ಒಂದು ಮೂಲೆ ಕಾಣುತ್ತಿತ್ತು. ಎನಿಡ್ ಒಳಗೆ ಹೋಗಿ ಕಮೋಡಿನ ಮುಚ್ಚಳದ ಮೇಲೆ ಕೋಟು ಮಡಿಸಿ ಹಾಕಿ ನೆಟ್ಟಗೆ ಕೂತಳು. ಗೋಡೆಯ ಯಂತ್ರದ ಮೇಲೆ ಬರೆದಿದ್ದ ಸೂಚನೆಗಳನ್ನು ಓದಿದಳು. ಎರಡನೆಯ ಸೂಚನೆ ಮೊದಲನೆಯದಾಗಬೇಕಿತ್ತು ಎಂದುಕೊಳ್ಳುವಷ್ಟರಲ್ಲಿ ಹೊರಗೆ ಆರ್ಭಟವೆದ್ದಿತು. ಕಿಟಕಿಯ ಗಾಜು ನಡುಗಿತು. ಯಂತ್ರ ತಾನಾಗಿಯೇ ಬಿಸಿಗಾಳಿ ಬಿಡತೊಡಗಿತು. ಎನಿಡ್ ಎದ್ದು ಬಾಗಿಲು ತಳ್ಳಿದಳು. ಬಾಗಿಲು ಅಲ್ಲಾಡಲಿಲ್ಲ.

ಎನಿಡ್: ಯಾರಲ್ಲಿ?

ಡೆಸ್ಮಂಡ್: ಗೋಲು, ಮಿಸ್! ನಮ್ಮದು! ಒಂದು, ಸೊನ್ನೆ!

ಎನಿಡ್: ಸಂತೋಷ. ಬಾಗಿಲು ತೆಗಿ.

ಡೆಸ್ಮಂಡ್: ಆಗಲ್ಲ, ಮಿಸ್. ಇನ್ನೂ ಎಂಟು ನಿಮಿಷ ಇದೆ.

ಎನಿಡ್: ಈ ಬಾಗಿಲಿಗೆ ಹೊರಗಡೆ ಚಿಲಕವೇ ಇಲ್ವಲ್ಲ?

ಡೆಸ್ಮಂಡ್: ಚಿಲಕ ಇಲ್ಲ, ಛತ್ರಿ ಇದೆ. ಹಿಡಿಕೆಗೆ ಅಡ್ಡ ಹಾಕಿದೀವಿ.

ಎನಿಡ್: "ಹಾಕಿದೀವಿ" ಅಂದ್ರೆ ಯಾರ್ಯಾರು?

ಹೊರಗೆ ಯಾರೋ ಕೆಮ್ಮಿದರು. ಆ ಕೆಮ್ಮಿನೊಂದಿಗೆ ಎನಿಡ್ ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದಳು.

ಎನಿಡ್: ಸಿರಿಲ್?

ಸಿರಿಲ್: ಎಂಟೇ ನಿಮಿಷ ಕಣೇ.

ಎನಿಡ್: ಹೆಂಡತೀನ ಕಕ್ಕಸಲ್ಲಿ ಕೂಡಿಹಾಕಿದ್ಯಾ?

ಸಿರಿಲ್: ನನ್ನನ್ನ ಒಂದು ವರ್ಷ ಕೂಡಿಹಾಕಿದಾಗ ನೀನು ಬಿಸ್ಕತ್ತು ತಿನ್ತಾ ಇದ್ದೆ.

ಎನಿಡ್ ಮತ್ತೆ ಕೂತಳು. ಉತ್ತರವಿಲ್ಲದಾಗ ಸುಮ್ಮನಿರಬೇಕೆಂದು ಮಕ್ಕಳಿಗೆ ಹೇಳಿಕೊಡುತ್ತಿದ್ದವಳು ಅವಳೇ.

ಕೊನೆಗೆ ರೆಫರಿ ಸೀಟಿ ಊದಿದ. ಸ್ಟ್ಯಾಂಡಿನ ಹಲಗೆಗಳ ಮೇಲೆ ಜನ ಕುಣಿಯುವ ಸದ್ದು ಕೇಳಿಸಿತು. ಛತ್ರಿ ಸರಿಯಿತು, ಬಾಗಿಲು ತೆರೆಯಿತು. ಹೊರಗೆ ಗಂಡ, ಚೇರ್ಮನ್ ಇಬ್ಬರೂ ನೆನೆದು ತೊಪ್ಪೆಯಾಗಿ ನಿಂತಿದ್ದರು. ಛತ್ರಿ ಎನಿಡ್‌ಳದು; ಅವಳು ಅದನ್ನು ಕಿತ್ತುಕೊಂಡಳು.

ಡೆಸ್ಮಂಡ್: ಮಿಸ್, ನೀವು ಕ್ಲಬ್ಬನ್ನ ಉಳಿಸಿದ್ರಿ! ಮುಂದಿನ ಸೀಸನ್ನಿಗೆ ಒಳಗೊಂದು ಮೆತ್ತೆ ಹಾಕಿಸ್ತೀನಿ, ಬಾಗಿಲ ಮೇಲೆ ನಿಮ್ಮ ಹೆಸರು...

ಎನಿಡ್: ಬಾಯಿ ಮುಚ್ಚು. ಸಿರಿಲ್, ಗೋಲು ನೋಡಿದ್ಯಾ?

ಸಿರಿಲ್: ನೋಡ್ದೆ, ನೋಡ್ದೆ.

ಎನಿಡ್: ಯಾವ ಕಾಲಲ್ಲಿ ಹೊಡೆದ?

ಸಿರಿಲ್: ಎಡಗಾಲು.

ಡೆಸ್ಮಂಡ್: ಬಲಗಾಲು ಅಲ್ವಾ?

ಸ್ಟ್ಯಾಂಡಿನ ಮೇಲಿಂದ ಒಂದು ಧ್ವನಿ: ತಲೆ ಕಣ್ರಯ್ಯಾ! ತಲೇಲಿ ಹೊಡೆದದ್ದು!

ಇಬ್ಬರೂ ನೆಲ ನೋಡಿದರು. ಎನಿಡ್‌ಗೆ ಈ ನೋಟ ಚೆನ್ನಾಗಿ ಪರಿಚಯವಿತ್ತು. ಪಕ್ಕದವನ ಉತ್ತರ ನಕಲು ಮಾಡಲು ಹೋಗಿ, ಪಕ್ಕದವನಿಗೂ ಬರುವುದಿಲ್ಲವೆಂದು ತಿಳಿದಾಗ ಹುಡುಗರು ಹೀಗೆಯೇ ನಿಲ್ಲುತ್ತಿದ್ದರು.

ಸಿರಿಲ್: ಮಳೆ ಬರ್ತಿತ್ತು. ನೀನು ಛತ್ರಿ ಮರೆತು ಹೋಗಿದ್ದೆ. ಕೊಡೋಣ ಅಂತ ಹಿಂದೆ ಬಂದೆ. ಅಷ್ಟರಲ್ಲಿ ಬಿತ್ತು.

ಎನಿಡ್ ಗಂಡನ ಟೋಪಿಯ ಮೇಲಿದ್ದ ಪೈ ಚೂರನ್ನು ಕೊಡವಿ ತೆಗೆದಳು.

ಎನಿಡ್: ಡೆಸ್ಮಂಡ್, ನೀನು ಯಾಕೆ ನೋಡಲಿಲ್ಲ?

ಡೆಸ್ಮಂಡ್: ನೀವು ನಿಜವಾಗ್ಲೂ ಒಳಗೆ ಹೋಗ್ತೀರೋ ಇಲ್ವೋ ಅಂತ ನೋಡೋಕೆ ಬಂದೆ, ಮಿಸ್.

ಎನಿಡ್: ಸರಿ. ಈಗ ನಿಧಾನವಾಗಿ ಉತ್ತರ ಹೇಳು. ಈ ವರ್ಷ ಸಿರಿಲ್ ಎಷ್ಟು ಸಲ ಎದ್ದು ಹೋದ್ರೂ ಗೋಲು ಬೀಳಲಿಲ್ಲ. ಹಾಗಾದ್ರೆ ಕಾರಣ ಸಿರಿಲ್ಲಾ?

ಡೆಸ್ಮಂಡ್: ಅಲ್ಲ... ಅನ್ಸುತ್ತೆ.

ಎನಿಡ್: ಹೋದ ವರ್ಷ ಎಲ್ಲಾ ಗೋಲನ್ನೂ ನಾನು ಕೂತು ನೋಡಿದೀನಿ. ಹಾಗಾದ್ರೆ ನಾನಾ?

ಡೆಸ್ಮಂಡ್: ನೀವೂ ಅಲ್ಲ, ಮಿಸ್.

ಎನಿಡ್: ಹೋದ ವರ್ಷ ಗೋಲು ಬಿದ್ದಾಗೆಲ್ಲಾ ಕಕ್ಕಸಿನ ಬಾಗಿಲಿಗೆ ಕಾವಲು ನಿಂತಿದ್ದು ಯಾರು?

ಡೆಸ್ಮಂಡ್: ನಾನು.

ಎನಿಡ್: ಈ ವರ್ಷ ಅತಿಥಿ ಪಕ್ಕ ಕೂತು ಊರಿನ ಪಂದ್ಯವನ್ನೆಲ್ಲಾ ಪೂರ್ತಿ ನೋಡಿದ್ದು?

ಡೆಸ್ಮಂಡ್: ಮಿಸ್...

ಎನಿಡ್: ಬೇರೆ ಊರುಗಳಲ್ಲಿ ಗೆದ್ವಲ್ಲ. ಆಗ ನೀನೆಲ್ಲಿದ್ದೆ?

ಡೆಸ್ಮಂಡ್: ಅಂಗಡೀಲಿ... ಮಾಂಸ ಕಡೀತಾ ಇದ್ದೆ.

ಎನಿಡ್: ಇವತ್ತು ಗೋಲು ಬಿದ್ದಾಗ?

ಡೆಸ್ಮಂಡ್ ತನ್ನ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದ. ಸ್ಟ್ಯಾಂಡಿನ ಹಿಂಬದಿಯ ಕಟಕಟೆಗೆ ಒಂದೊಂದಾಗಿ ತಲೆಗಳು ಬಂದು ಸೇರುತ್ತಿದ್ದವು. ಎಲ್ಲರೂ ಈಗ ನೋಡುತ್ತಿದ್ದುದು ಡೆಸ್ಮಂಡ್‌ನ ಬೆನ್ನನ್ನು.

ಡೆಸ್ಮಂಡ್: ಇದೆಲ್ಲಾ ಬರೀ ಕಾಕತಾಳೀಯ ಅಂತ ನೀವೇ ಹೇಳಿದ್ರಲ್ಲ, ಮಿಸ್!

ಎನಿಡ್: ಈಗಲೂ ಹಾಗೇ ಹೇಳ್ತೀನಿ. ನಂಬಿಕೆ ನಿಂದು, ನಾನು ಲೆಕ್ಕ ತಿದ್ದಿ ಕೊಟ್ಟೆ ಅಷ್ಟೇ.

ಡೆಸ್ಮಂಡ್: ನಾನು ಚೇರ್ಮನ್ನು! ಬಂದ ಅತಿಥಿಗಳ ಪಕ್ಕ ಯಾರು ಕೂರ್ತಾರೆ?

ಎನಿಡ್: ಸಿರಿಲ್ ಕೂರ್ತಾನೆ. ಮಳೆ ವಿಷಯ ಅವನೂ ಚೆನ್ನಾಗಿ ಮಾತಾಡ್ತಾನೆ.

ಸಿರಿಲ್ ಟೋಪಿ ಸರಿಮಾಡಿಕೊಂಡು, ಪಕ್ಕದ ಗಂಡಸರ ಬಾಗಿಲನ್ನು ಪೂರ್ತಿ ತೆರೆದು ಹಿಡಿದ. ಮೇಲಿನಿಂದ ಯಾರೋ ಸಣ್ಣ ದನಿಯಲ್ಲಿ "ಏಳಪ್ಪಾ ಡೆಸ್ಮಂಡ್" ಎಂದು ಶುರುಮಾಡಿದರು.

ಸಿರಿಲ್: ಐದೇ ಐದು ನಿಮಿಷ, ಡೆಸ್ಮಂಡ್. ಹೋಗಿ ಕೂತ್ಕೊಂಡು ಬಾ.

ಡೆಸ್ಮಂಡ್: ಪಂದ್ಯ ಮುಗೀತಲ್ರೀ!

ಸಿರಿಲ್: ಅಭ್ಯಾಸ ಆಗ್ಲಿ. ಮಿಸ್, ಆ ಛತ್ರಿ ಇತ್ಲಾಗೆ ಕೊಡಿ.