ಲವಂಗದ ವೈನಿನ ಬೆನ್ನು ಹತ್ತಿ

ಯಾವುದನ್ನೂ ಸುಲಭವಾಗಿ ನಂಬಬೇಡ ಎಂದು ವಿಶ್ವವಿದ್ಯಾಲಯದಲ್ಲಿ ನನಗೆ ತತ್ತ್ವಶಾಸ್ತ್ರ ಕಲಿಸಿದರು. ಆ ಪಾಠ ಎಷ್ಟು ಚೆನ್ನಾಗಿ ತಲೆಗೆ ಹತ್ತಿತೆಂದರೆ ನನ್ನ ಸಂದೇಹ ದೇವರು, ಜಾತಕ, ರೇಡಿಯೋದ ಹವಾಮಾನ ವರದಿ ಎಲ್ಲವನ್ನೂ ದಾಟಿ ಕೊನೆಗೆ ನನ್ನ ನೆನಪಿನ ಮೇಲೆಯೇ ಬಂದು ಕೂತಿತು. ಬಾಗಿಲಿಗೆ ಬೀಗ ಹಾಕಿದ್ದು ನೆನಪಿದ್ದರೂ ಕೊಟ್ಟಾರ ಜಂಕ್ಷನ್ನಿನಿಂದ ಸ್ಕೂಟರ್ ತಿರುಗಿಸಿ ಬಂದು ನೋಡುತ್ತೇನೆ. ಹಾಕಿಯೇ ಇರುತ್ತದೆ, ಕೀಲಿಕೈ ಮಾತ್ರ ಅದರಲ್ಲೇ ನೇತಾಡುತ್ತಿರುತ್ತದೆ. ನನ್ನ ಹೆಂಡತಿ ಸುಮತಿಗೆ ಈ ಕಾಯಿಲೆ ಇಲ್ಲ. ಅವಳಿಗೆ ನೆನಪಾದದ್ದೆಲ್ಲ ನಡೆದದ್ದೇ. ಮದುವೆಯಾದ ಹೊಸತರಲ್ಲಿ ಊಟಿಗೆ ಕರೆದುಕೊಂಡು ಹೋಗುತ್ತೇನೆಂದು ನಾನು ಮಾತು ಕೊಟ್ಟಿದ್ದೆನಂತೆ. ನನಗೆ ಅಂಥದ್ದೇನೂ ನೆನಪಿಲ್ಲ. ಆದರೆ ನೆನಪಿಲ್ಲ ಎನ್ನುವುದು ನಡೆದಿಲ್ಲ ಎನ್ನುವುದಕ್ಕೆ ಪುರಾವೆಯಲ್ಲ ಎಂದು ನನಗೆ ಗೊತ್ತಿದೆ. ದುರದೃಷ್ಟವಶಾತ್ ಅವಳಿಗೂ ಗೊತ್ತಿದೆ.

ಒಂದೇ ಒಂದು ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಅದು ನನ್ನ ಜೀವಮಾನದಲ್ಲೇ ನಾನು ಕುಡಿದ ಅತ್ಯುತ್ತಮ ವೈನು. ನಮ್ಮ ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ಮೊದಲೇ ಕಪ್ಪು ದ್ರಾಕ್ಷಿಯನ್ನು ಸಕ್ಕರೆ, ಗೋಧಿಗಳ ಜೊತೆ ಭರಣಿಗೆ ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿಟ್ಟು ವೈನು ಮಾಡುತ್ತಾರೆ. ಅಂಥದ್ದೊಂದು ವೈನು. ಮೊದಲು ದ್ರಾಕ್ಷಿ, ಆಮೇಲೆ ಗಂಟಲಲ್ಲಿ ಒಂದಿಷ್ಟು ಬಿಸಿ, ಎಲ್ಲ ಮುಗಿಯಿತು ಎನ್ನುವಾಗ ಹಿಂದಿನಿಂದ ಬಂದು ಭುಜ ತಟ್ಟಿದ ಹಾಗೆ ಲವಂಗ. ಯಾರ ಮನೆಯಲ್ಲಿ ಎನ್ನುವುದು ಮಾತ್ರ ಮರೆತಿತ್ತು. ಎಪ್ಪತ್ತರ ದಶಕದ ಕೊನೆಯ ಒಂದು ಕ್ರಿಸ್‌ಮಸ್ಸಿನ ಮರುದಿನ, ಕಾಫಿ ಕುಡಿಯುತ್ತಾ ಇದನ್ನು ವರ್ಣಿಸಿದೆ.

"ನೀವು ಕುಡಿದದ್ದಾ? ಎಲ್ಲಿ?" ಎಂದಳು ಸುಮತಿ.

"ಈ ಬದಿಯಲ್ಲೇ ಎಲ್ಲೋ. ಗೋಡೆಯಲ್ಲಿ ಯೇಸುವಿನ ಪಟ, ಅದರ ಕೆಳಗೆ ಕೆಂಪು ಬಲ್ಬು."

"ಹಾಗಾದ್ರೆ ಸುಲಭ ಆಯ್ತು ಮಾರಾಯ್ರೇ. ಇಡೀ ಊರಲ್ಲಿ ಅಂಥ ಮನೆ ಇನ್ನೊಂದು ಉಂಟಾ?"

ಮಾತಿಗೆ ಮಾತು ಬೆಳೆದು ಕೊನೆಗೆ ಒಂದು ಒಪ್ಪಂದವಾಯಿತು. ನಾನು ಆ ವೈನು ಕುಡಿದದ್ದು ಸಾಬೀತಾದರೆ ಇನ್ನು ಮುಂದೆ ಈ ಮನೆಯಲ್ಲಿ ನನ್ನ ನೆನಪೇ ಸತ್ಯ; ಇಲ್ಲದಿದ್ದರೆ ಅವಳದ್ದು. ಎಂದರೆ ಊಟಿಯೂ ಸೇರಿ. ಸಾಕ್ಷಿಗಳ ಮೇಲೆ ಪ್ರಭಾವ ಬೀರಬಾರದೆಂದು ಅವಳನ್ನು ಮನೆಯಲ್ಲೇ ಬಿಟ್ಟು, ನಾನೊಬ್ಬನೇ ಸ್ಕೂಟರ್ ಹತ್ತಿದೆ.

ವಿದೇಶಗಳಲ್ಲಿ ದ್ರಾಕ್ಷಿತೋಟಗಳ ನಡುವೆ ಊರೂರು ಸುತ್ತಿ ವೈನಿನ ರುಚಿ ನೋಡುವವರು ಅದನ್ನು ನುಂಗುವುದಿಲ್ಲವಂತೆ, ಬಾಯಲ್ಲಿ ಆಡಿಸಿ ಉಗುಳುತ್ತಾರಂತೆ. ಹಬ್ಬದ ಮರುದಿನ ಮಂಗಳೂರಿನ ಒಂದು ಮನೆಯಲ್ಲಿ ಇದನ್ನು ಮಾಡಿ ನೋಡಬೇಕು! ಇಲ್ಲಿ ಉಗುಳುವುದಿರಲಿ, ಬರೀ ವೈನು ಕುಡಿದು ಎದ್ದು ಬರುವುದಕ್ಕೂ ಇಲ್ಲ. ಬಿಜೈಯಲ್ಲಿ ನಾನು ಪಾಠ ಮಾಡುವ ಕಾಲೇಜಿನ ಸಹೋದ್ಯೋಗಿ ಲೋಬೋನ ಮನೆಗೆ ಹೋದರೆ, ಕೆಮ್ಮಿನ ಔಷಧಿಯಷ್ಟು ವೈನಿನ ಜೊತೆ ಒಂದು ಹರಿವಾಣ ಕುಸ್ವಾರ್ ಬಂತು. ಕುಸ್ವಾರ್ ಎಂದರೆ ಕ್ರಿಸ್‌ಮಸ್ಸಿನ ತಿಂಡಿಗಳ ಇಡೀ ಸಂಸಾರ: ಎಳ್ಳು ತುಂಬಿದ ನೆವ್ರಿ, ಸಕ್ಕರೆ ಪಾಕದ ಕಿಡಿಯೊ, ಹಲ್ಲಿನ ಬಲ ಪರೀಕ್ಷಿಸುವ ಗುಳಿಯೊ. ಒಂದನ್ನು ಬಿಟ್ಟರೆ ಅದನ್ನು ಮಾಡಿದ ಅತ್ತೆಗೋ ನಾದಿನಿಗೋ ಅವಮಾನ. ಲೋಬೋನ ವೈನು ಚೆನ್ನಾಗಿತ್ತು, ಲವಂಗವಿರಲಿಲ್ಲ. ಬೋಂದೆಲಿನಲ್ಲಿ ಬ್ಯಾಂಕಿನ ಗೆಳೆಯ ಡಿಸಿಲ್ವನ ಮನೆಯಲ್ಲಿ, ಗಲ್ಫಿನಿಂದ ಅವನ ತಮ್ಮ ತಂದ ಟೇಪ್‌ರೆಕಾರ್ಡರ್ ಕಿರುಚುತ್ತಿರುವಾಗ ಅದೇ ಹರಿವಾಣ ಮತ್ತೆ ಬಂತು. ಅಲ್ಲೂ ಪಟ, ಅಲ್ಲೂ ಕೆಂಪು ಬಲ್ಬು. ಲವಂಗ ಎಂದದ್ದೇ ತಡ, ಡಿಸಿಲ್ವನ ತಾಯಿ ಮುಖ ಹುಳ್ಳಗೆ ಮಾಡಿದರು. "ವೈನಿಗೆ ಲವಂಗವಾ? ಅದೆಂತ ಪಲಾವಾ? ಸುರತ್ಕಲ್ಲಿನ ಸೆಲಿನ್ ಹಾಕ್ತಾಳೆ, ನಮ್ಮ ದೂರದ ಸಂಬಂಧ. ಹೇಳಿದ್ರೆ ಕೇಳುವ ಜಾತಿ ಅಲ್ಲ ಅವಳು."

ನನಗೆ ರೋಮಾಂಚನವಾಯಿತು. ಬಂದರಿನ ಲಾರಿಗಳ ಧೂಳು ನುಂಗುತ್ತಾ, ಹೊಟ್ಟೆಯೊಳಗಿನ ಗುಳಿಯೊಗಳು ಪ್ರತಿ ಹೊಂಡಕ್ಕೂ ಲಟಪಟ ಸದ್ದು ಮಾಡುತ್ತಿರುವಂತೆ ಅನಿಸುತ್ತಾ ಸುರತ್ಕಲ್ ತಲುಪಿದೆ. ಸೆಲಿನ್ ಬಾಯಮ್ಮ ಜಗಲಿಯಲ್ಲೇ ಇದ್ದರು. ನಾನು ಪರಿಚಯ ಹೇಳಿಕೊಳ್ಳುವ ಮೊದಲೇ, "ಅರೇ ಶೆಟ್ರೇ! ಒಬ್ಬರೇ ಬಂದದ್ದಾ? ಅವರೆಲ್ಲಿ?" ಎಂದರು.

"ನನ್ನ ನೆನಪುಂಟಾ ನಿಮಗೆ?" ಎಂದೆ.

"ಇಲ್ಲದೆ ಎಂತ? ನಮ್ಮ ಹುಡುಗ ನಿಮ್ಮ ಕಾಲೇಜಿನಲ್ಲಿ ಪಾಸಾದ ವರ್ಷ ಇಬ್ಬರೂ ಬಂದಿದ್ರಿ. ಇದೇ ಕುರ್ಚಿಯಲ್ಲಿ ಕೂತು ಒಂದು ತೊಟ್ಟು ಮುಟ್ಟಲಿಲ್ಲ ನೀವು."

"ಮುಟ್ಟಲಿಲ್ಲವಾ?"

"ಕಾಮಾಲೆ ಆಗಿ ಎದ್ದವರಲ್ವಾ? ಪಥ್ಯ ಅಂತ ನೀರುಮಜ್ಜಿಗೆ ಕುಡಿದದ್ದು. ನಿಮ್ಮ ಹೆಂಡತಿ ಮಾತ್ರ ಕೇಳಿ ಕೇಳಿ ಹಾಕಿಸಿಕೊಂಡ್ರು. ಪಾಪ, ಒಳ್ಳೆ ಜನ."

ನಾನು ಅದೇ ಕುರ್ಚಿಯಲ್ಲಿ ಕೂತೆ. ನಿಧಾನವಾಗಿ ಒಂದೊಂದೇ ನೆನಪು ಮೇಲೆ ಬಂತು. ಆವತ್ತು ಮರಳುವಾಗ ಸ್ಕೂಟರಿನ ಹಿಂದಿನಿಂದ ಸುಮತಿ ದಾರಿಯುದ್ದಕ್ಕೂ ನನ್ನ ಕಿವಿಗೆ ಬಾಯಿಟ್ಟು ಹೇಳಿದ್ದು: ಮೊದಲು ದ್ರಾಕ್ಷಿ, ಆಮೇಲೆ ಬಿಸಿ, ಕಡೆಗೆ ಭುಜ ತಟ್ಟುವ ಲವಂಗ. ಆ ರುಚಿ ನನ್ನೊಳಗೆ ಹೋದದ್ದು ನಾಲಿಗೆಯಿಂದಲ್ಲ, ಕಿವಿಯಿಂದ. ಬಾಯಮ್ಮ ಸಣ್ಣ ಗ್ಲಾಸು ತುಂಬಿಸಿ ಕೊಟ್ಟರು. ನನ್ನ ಜೀವಮಾನದ ಅತ್ಯುತ್ತಮ ವೈನನ್ನು ನಾನು ಮೊದಲ ಸಲ ಕುಡಿದೆ. ನೆನಪಿನಲ್ಲಿದ್ದಂತೆಯೇ ಇತ್ತು. ಆಮೇಲೆ ಇಡ್ಲಿಯಂಥ ಬಿಸಿ ಸನ್ನ, ಕೋಳಿ ಗಸಿ, ಜಗಲಿಯ ಆರಾಮಕುರ್ಚಿಯಲ್ಲಿ ಸಂಜೆಯವರೆಗೆ ನಿದ್ದೆ. ಸೋತವನಿಗೆ ಇಷ್ಟು ಸುಖ ಸಿಗಬಾರದು.

ಬಾಯಮ್ಮ ಟಾನಿಕ್ಕಿನ ಬಾಟ್ಲಿಯಲ್ಲಿ ತುಂಬಿಸಿ ಕೊಟ್ಟ ವೈನಿನೊಂದಿಗೆ ಮನೆಗೆ ಬಂದೆ. ಮನೆ ಸಿಕ್ಕಿತು ಎಂದಷ್ಟೇ ಹೇಳಿ, ನೀರುಮಜ್ಜಿಗೆಯ ಭಾಗವನ್ನು ನುಂಗಿಕೊಳ್ಳುವುದೆಂದು ದಾರಿಯಲ್ಲೇ ನಿಶ್ಚಯಿಸಿದ್ದೆ. ಸುಮತಿ ಒಂದು ಗುಟುಕು ಕುಡಿದಳು. ಕಣ್ಣು ಮುಚ್ಚಿದಳು.

"ಅಯ್ಯೋ ದೇವರೇ, ಇದು ಸುರತ್ಕಲ್ಲಿನ ಬಾಯಮ್ಮಂದಲ್ವಾ! ನಾನು ಕುಡಿದಿದ್ದೇನೆ. ನಿಮಗೆ ಕಾಮಾಲೆ ಆದ ವರ್ಷ!" ಕಣ್ಣು ತೆರೆದು ನನ್ನನ್ನೇ ನೋಡಿದಳು. "ನೀವಾಗ ಮಜ್ಜಿಗೆ ಕುಡಿದದ್ದು."

ಮೇ ತಿಂಗಳಲ್ಲಿ ಊಟಿಗೆ ಹೋಗಿ ಬಂದೆವು. ಚೆನ್ನಾಗಿತ್ತು. ಒಪ್ಪಂದದ ಪ್ರಕಾರ ನಡೆಯುವುದೂ ನನಗೆ ಹಿತವಾಗಿಯೇ ಇದೆ. ಬೀಗ ಹಾಕಿತ್ತೇ ಎಂದು ಈಗ ನಾನು ತಿರುಗಿ ಬರುವುದಿಲ್ಲ, ಅವಳನ್ನು ಕೇಳುತ್ತೇನೆ. ಮೊನ್ನೆ ಮನೆಗೆ ಬಂದ ನೆಂಟರಿಗೆ ಸುಮತಿ, ಆ ವೈನನ್ನು ಹುಡುಕಿಕೊಂಡು ಬಿಜೈ, ಬೋಂದೆಲು ಸುತ್ತಿ, ಬಿಸಿಲಲ್ಲಿ ಸುರತ್ಕಲ್ಲಿಗೆ ಹೋದವಳು ತಾನೇ ಎಂದು ಕೈ ಬಾಯಿ ತಿರುಗಿಸಿ ವರ್ಣಿಸುತ್ತಿದ್ದಳು. ಅವಳಿಗೆ ಸ್ಕೂಟರ್ ಬಿಡಲು ಬರುವುದಿಲ್ಲ. ಆದರೂ ನಾನು ತಲೆಯಾಡಿಸಿದೆ. ಒಪ್ಪಂದಕ್ಕಾಗಿ ಮಾತ್ರ ಅಲ್ಲ. ಆ ದಿನ ಸಂಜೆ ಇವಳಿನ್ನೂ ಯಾಕೆ ಬರಲಿಲ್ಲ ಎಂದು ನಾನು ನಮ್ಮ ಮನೆಯ ಜಗಲಿಯಲ್ಲಿ ಕೂತು ದಾರಿ ಕಾಯುತ್ತಿದ್ದದ್ದು ನನಗೆ ಈಗೀಗ ಸ್ಪಷ್ಟವಾಗಿ ನೆನಪಾಗುತ್ತಿದೆ.