ಹದಿಮೂರು ಮೆಟ್ಟಿಲ ಕೆಳಗಿನ ಅರಮನೆ

"ಇನ್ನು ಆರೇ ವಾರ! ಸ್ಲಾವ್ಕಾ ವಾಪಸ್ ಬರೋದರೊಳಗೆ ಈ ನೆಲಮಾಳಿಗೇನ ಅರಮನೆ ಮಾಡ್ತೀನಿ. ಮಾಡದಿದ್ರೆ ನನ್ನ ಹೆಸರು ಓಸ್ತಪ್ ಅಲ್ಲ!"

ವಿನಿಪೆಗ್‌ನ ಓಸ್ತಪ್ ಈ ಭೀಷಣ ಪ್ರತಿಜ್ಞೆ ಮಾಡಿದ್ದು ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಉಪ್ಪಿನಲ್ಲಿ ನೆನೆದ ಸೌತೆಕಾಯಿ ಹಿಡಿದು. ಕೇಳಲು ಯಾರೂ ಇರಲಿಲ್ಲ. ಹೆಂಡತಿ ಸ್ಲಾವ್ಕಾ ಮಂಡಿಯ ಆಪರೇಷನ್ ಮುಗಿಸಿಕೊಂಡು ಆರೈಕೆಗೆಂದು ತನ್ನ ತಂಗಿಯ ಮನೆಗೆ ಹೋಗಿದ್ದಳು. ಹೊರಗೆ ನವೆಂಬರ್ ತಿಂಗಳು. ಹಿಮ ಕಿಟಕಿಯ ಅರ್ಧಕ್ಕೆ ಬಂದು ನಿಂತಿತ್ತು.

ಹಳೇ ದೇಶದಿಂದ ವಲಸೆ ಬಂದ ಅವರ ಬಳಗದ ಎಲ್ಲ ಮನೆಗಳಂತೆ ಈ ಮನೆಗೂ ಎರಡು ಅಡುಗೆಮನೆ. ಮೇಲಿನದು ನೆಂಟರಿಗೆ ತೋರಿಸಲು. ಅಲ್ಲಿನ ಒಲೆ ಕೊಂಡ ಮೂವತ್ತೊಂದು ವರ್ಷದಿಂದ ಅಖಂಡ ಬ್ರಹ್ಮಚಾರಿ! ಬೇಯಿಸುವುದು, ಹುರಿಯುವುದು, ಬೈಯುವುದು ಎಲ್ಲ ನೆಲಮಾಳಿಗೆಯಲ್ಲಿ. ಕ್ರಿಸ್‌ಮಸ್ ಹಿಂದಿನ ಸಂಜೆಯ ಪವಿತ್ರ ಊಟಕ್ಕೆ ಸ್ಲಾವ್ಕಾ ನಲವತ್ಮೂರು ವರ್ಷ ತಪ್ಪದೆ ಹನ್ನೆರಡು ಬಗೆ ಮಾಡಿದ್ದು ಅಲ್ಲೇ.

"ನೆಲದ ಚಳಿ ಮಂಡಿಗೆ ಹತ್ತುತ್ತೆ ಕಣೋ" ಎಂದು ಅವಳು ವರ್ಷಗಟ್ಟಲೆ ಹೇಳಿದ್ದಳು. "ಇನ್ನೊಂದು ಜೊತೆ ಕಾಲುಚೀಲ ಹಾಕ್ಕೋ" ಎಂದು ಇವನು ವರ್ಷಗಟ್ಟಲೆ ಉತ್ತರಿಸಿದ್ದ. ಈಗ ಅದನ್ನು ನೆನೆದರೆ ಅವನಿಗೆ ನಾಚಿಕೆಯಾಗುತ್ತಿತ್ತು.

ಕಿತ್ತಳೆ ಬಣ್ಣದ ಕಾರ್ಪೆಟ್ ಕಿತ್ತ. ಅದರಡಿ ಹಸಿರು ಕಾರ್ಪೆಟ್! ಅದನ್ನೂ ಕಿತ್ತರೆ ಬೂಷ್ಟು. ಗೋಡೆಯ ಮರದ ಹಲಗೆ ಎಬ್ಬಿಸಿದರೆ ಹಿಂದೆ ಬೆಚ್ಚಗಿಡುವ ಹತ್ತಿಯ ಹೆಸರೂ ಇಲ್ಲ, ಮೊಳೆಗಳ ತಲೆಗೆಲ್ಲ ಮಂಜು ಕಟ್ಟಿದೆ. ಒಂದು ಹಲಗೆಗೆಂದು ಎತ್ತಿದ ಸುತ್ತಿಗೆ ನಾಲ್ಕು ಗೋಡೆ ಮುಗಿಸಿ ನಿಂತಿತು.

ಅಷ್ಟರಲ್ಲಿ ಸ್ಲಾವ್ಕಾಳ ಫೋನು.

"ಏನ್ಮಾಡ್ತಿದ್ದೀಯ?"

"ಏನಿಲ್ಲ."

"ಏನಿಲ್ಲ ಅಂದ್ರೆ ಏನೋ ಒಡೆದಿದ್ದೀಯ!"

ನೆಲದಡಿ ಬಿಸಿ ಮಾಡುವ ತಂತಿ ಹಾಸಿ, ಮೇಲೆ ಟೈಲ್ಸ್ ಕೂರಿಸಿದ. ನೆಲ ಮೂರು ಇಂಚು ಏರಿತು. ಸೂರು ಮಾತ್ರ ಇದ್ದಲ್ಲೇ ಇತ್ತು! ಮೆಟ್ಟಿಲ ಬುಡದ ತೊಲೆ ಅವನ ಹಣೆಗೆ ದಿನಕ್ಕೆ ನಾಲ್ಕು ಬಾರಿ ಮುದ್ರೆ ಒತ್ತಿತು. ಆದರೂ ಬಿಡಲಿಲ್ಲ. ಅವಳಿಗಿಷ್ಟದ ನೀಲಿ ಕಪಾಟು, ಕೂತೇ ಹಿಟ್ಟು ಲಟ್ಟಿಸಲು ತಗ್ಗಿನ ಕಟ್ಟೆ, ಹೊಸ ಒಲೆ. ಅವಳ ಮಂಡಿಗಾಗಿ ಮಹಾನುಭಾವ ಎಲ್ಲವನ್ನೂ ಯೋಚಿಸಿದ್ದ.

ಹದಿಮೂರು ಮೆಟ್ಟಿಲುಗಳನ್ನು ಬಿಟ್ಟು!

ಡಿಸೆಂಬರ್ ಕೊನೆಗೆ ಸ್ಲಾವ್ಕಾ ಊರುಗೋಲು ಹಿಡಿದು ಬಂದಳು. ಓಸ್ತಪ್ ನೆಲಮಾಳಿಗೆಯ ಬಾಗಿಲು ತೆರೆದು, ಅರಮನೆಯ ದ್ವಾರಪಾಲಕನಂತೆ ಬಾಗಿದ.

"ಇಳಿ, ನೋಡು!"

ಅವಳು ಇಳಿಯಲಿಲ್ಲ. "ಮಂಡಿ ಸರಿಯಾಗಿ ಕೂತಿಲ್ಲವಂತೆ. ಮೆಟ್ಟಿಲು ಇಳಿಯೋ ಹಾಗಿಲ್ಲ."

"ಎಷ್ಟು ದಿನ?"

"ದಿನ ಹೇಳಲಿಲ್ಲ ಡಾಕ್ಟರು."

ಅವಳು ಕುರ್ಚಿ ಎಳೆಸಿಕೊಂಡು ಬಾಗಿಲಲ್ಲೇ ಕೂತು, ಕೆಳಗಿನ ಬೆಳಕನ್ನು ನೋಡಿದಳು. ಅಲ್ಲಿಂದ ಕಾಣುತ್ತಿದ್ದುದು ಎರಡೇ ಎರಡು ಟೈಲ್ಸು. "ಹಾಗಾದ್ರೆ ಹೋದ ಸಲದ್ದೇ ನನ್ನ ಕೊನೇ ಪವಿತ್ರ ಊಟ" ಎಂದಳು. ಓಸ್ತಪ್ ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

"ನಾನು ಮಾಡ್ತೀನಿ! ನೀನು ಮೇಲಿಂದ ಹೇಳು, ಸಾಕು!"

ಅವರ ಹಳೇ ಪಂಚಾಂಗದ ಕ್ರಿಸ್‌ಮಸ್ಸಿನ ಹಿಂದಿನ ದಿನ, ಜನವರಿ ಆರರ ಬೆಳಿಗ್ಗೆ, ಯುದ್ಧ ಶುರುವಾಯಿತು. ಬಿಸಿಗಾಳಿ ಬರುವ ನೆಲದ ಜಾಲರಿಗೆ ಬಾಯಿಟ್ಟು ಸೇನಾಧಿಪತಿ ಮೇಲೆ. ಏಪ್ರನ್ ಕಟ್ಟಿದ ಸೈನಿಕ ಕೆಳಗೆ.

"ಈರುಳ್ಳಿ ಕೆಂಪಗೆ ಬಂತಾ?"

"ಬಂದು ಹೋಯ್ತು!"

"ವರೆನಿಕಿ ನೀರಲ್ಲಿ ತೇಲ್ತಿದಾವಾ, ಮುಳುಗಿದಾವಾ?"

"ಎರಡೂ ಇಲ್ಲ. ಕರಗಿದಾವೆ!"

ಆಲೂಗಡ್ಡೆ ತುಂಬಿದ ಐವತ್ತು ಕಡುಬು ಒಂದೇ ಗಂಜಿಯಾಗಿತ್ತು. ಮೇಲೆ ಕುರ್ಚಿ ಸರಿದು, ಊರುಗೋಲು ಟಕಟಕ ಎಂದಿತು. ಹೆದರಿದ ಓಸ್ತಪ್ ಹತ್ತಿ ಓಡಿದ, ತೊಲೆಗೆ ಹಣೆ ಒಪ್ಪಿಸಿ!

ಸ್ಲಾವ್ಕಾ ಮೇಲಿನ ಒಲೆಯ ಮುಂದೆ ನಿಂತಿದ್ದಳು. "ಇದನ್ನ ಹಚ್ಚು."

"ಇದಾ? ಇದು ಹೊಸದು!"

"ಮೂವತ್ತೊಂದು ವರ್ಷದ ಹೊಸದು. ಹಚ್ಚು."

"ಪರದೆಗೆಲ್ಲ ಈರುಳ್ಳಿ ವಾಸನೆ ಹತ್ತುತ್ತೆ, ನೆಂಟರು ಏನಂತಾರೆ?"

"ಯಾವ ನೆಂಟರು, ಓಸ್ತಪ್? ಅರ್ಧ ಜನ ಮಣ್ಣಲ್ಲಿದಾರೆ, ಇನ್ನರ್ಧ ಜನಕ್ಕೂ ಮಂಡಿ ಇಲ್ಲ."

ಹಚ್ಚಿದ. ಓವನ್ನಿನಿಂದ ದಟ್ಟ ಹೊಗೆ ಎದ್ದು, ಸೂರಿನ ಅಲಾರಂ ಬೊಬ್ಬೆ ಹೊಡೆಯಿತು. ಒಲೆ ಬಳಸುವುದು ಹೇಗೆಂದು ತಿಳಿಸುವ ಪುಸ್ತಕ ಮೂವತ್ತೊಂದು ವರ್ಷದಿಂದ ಅದರೊಳಗೇ ಇತ್ತು! ಹಾಗೂ ಹೀಗೂ ಊಟಕ್ಕೆ ಕೂರುವ ಹೊತ್ತಾಯಿತೆಂದು ಸಾರುವ ಮೊದಲ ನಕ್ಷತ್ರ ಮೂಡುವಷ್ಟರಲ್ಲಿ ಸ್ಲಾವ್ಕಾ ಕುರ್ಚಿಯಲ್ಲಿ ಕೂತೇ ಏಳು ಬಗೆ ಮಾಡಿದಳು. "ಐದು ಕಮ್ಮಿ" ಎಂದು ಅತ್ತಳು. ಅವನೂ ಅತ್ತ. ಈರುಳ್ಳಿ ಹೊಗೆ ಎಂದು ಇಬ್ಬರೂ ಹೇಳಿಕೊಂಡರು.

ಅಂದಿನಿಂದ ಅಡುಗೆ ಮೇಲೆಯೇ. ಒಂದು ಮಧ್ಯಾಹ್ನ ಓಸ್ತಪ್ ತನ್ನ ಅರಮನೆಗೆ ಒಬ್ಬನೇ ಇಳಿದ. ನೆಲ ಬೆಚ್ಚಗಿತ್ತು. ಒಂದು ಲೋಟ ಚಹಾ ಕಾಸಿಕೊಳ್ಳೋಣವೆಂದು ಒಲೆಯ ಗುಂಡಿ ತಿರುಗಿಸಿದನಷ್ಟೆ, ಜಾಲರಿ ಗುಡುಗಿತು.

"ಏಯ್! ಅಲ್ಲಿ ಏನೂ ಕಾಸಬೇಡ! ಕಪಾಟಿಗೆಲ್ಲ ಹಬೆ ಹತ್ತುತ್ತೆ!"

"ನಾನು ಕಟ್ಟಿದ್ದು ಕಣೇ! ಯಾರಿಗೋಸ್ಕರ ಕಾಪಾಡಬೇಕು?"

"ನನಗೋಸ್ಕರ. ನಾನಿನ್ನೂ ನೋಡಿಲ್ಲ."

ಓಸ್ತಪ್ ಒಲೆ ಆರಿಸಿದ. ಒರೆಸಿದ. ಖಾಲಿ ಲೋಟ ಹಿಡಿದು, ತೊಲೆಗೆ ತಾನಾಗಿಯೇ ತಲೆ ಬಾಗಿಸಿ ಮೆಟ್ಟಿಲು ಹತ್ತಿದ.